ಸೋರುವ ಗಾಳಿ, ಸೋಕುವ ಗಾಳಿ

ನಮ್ಮ ಅಮ್ಮಿಯ ಹತ್ತಿರ ಒಂದು ಊದುಗೊಳವೆ ಇತ್ತು. ಅದರ ಒಂದು ತುದಿಯನ್ನು ಒಲೆಯ ಬಾಯಿಗೂ ಇನ್ನೊಂದನ್ನು ತನ್ನ ಬಾಯಿಗೂ ಹಿಡಿದು ಅವಳು ಊದಿದಳೆಂದರೆ, ಹಸಿ ಜಾಲಿ ಕಟ್ಟಿಗೆಯೂ ಗೊಣಗುತ್ತ ಹೊತ್ತಿಕೊಳ್ಳುತ್ತಿತ್ತು. ಚಳ್ಳಕೆರೆಯಲ್ಲಿ ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡಿಕೊಂಡಿರುವ ನನ್ನನ್ನು ಯಾರಾದರೂ ಟರ್ಬೊ ಎಂದರೇನು ಎಂದು ಕೇಳಿದರೆ ಈಗಲೂ ಆ ಕೊಳವೆಯೇ ನೆನಪಾಗುತ್ತದೆ. ಬೆಂಕಿಗೆ ಉಸಿರು ಊಡುವುದು, ಅಷ್ಟೇ ವಿದ್ಯೆ. ಆದರೆ ಟರ್ಬೊ ಊದುವುದು ಕಾದ ಗಾಳಿ. ಅದನ್ನು ಒಂದು ಪೈಪಿನಲ್ಲಿ ಗಾಡಿಯ ಮೂತಿಯವರೆಗೆ ಒಯ್ದು, ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿಸಿ, ಇನ್ನೊಂದು ಪೈಪಿನಲ್ಲಿ ವಾಪಸು ತಂದು ಇಂಜಿನ್ನಿಗೆ ಕುಡಿಸಬೇಕು.

ಹೇಳುವುದು ಸುಲಭ, ಸ್ವಾಮಿ. ಈಗಿನ ಗಾಡಿಗಳ ಬಾನೆಟ್ಟಿನೊಳಗೆ ಇರುವೆ ಹೋಗಬೇಕಾದರೂ ಮೈ ಮುದುರಿಕೊಳ್ಳಬೇಕು. ಗಡಿಯಾರ ಬಿಚ್ಚಿಟ್ಟು, ಉಂಗುರ ಬಿಚ್ಚಿಟ್ಟು, ಬ್ಯಾಟರಿಗೂ ರೇಡಿಯೇಟರ್ ಫ್ಯಾನಿಗೂ ನಡುವಿನ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸಿದ ಮೇಲೆ ನಿಮ್ಮ ಕೈ ನಿಮಗೇ ಕಾಣದು. ಅಲ್ಲಿ ಬೆರಳೇ ಕಣ್ಣು. ನಿಜ ಹೇಳಲೇ? ಪ್ರತಿ ಸಲ ಆ ಕತ್ತಲಿಗೆ ಕೈ ಹಾಕುವಾಗಲೂ, ಒಳಗಿನಿಂದ ಯಾರಾದರೂ ಹಿಡಿದುಕೊಂಡರೆ ಎಂಬ ಯೋಚನೆ ಬರುತ್ತದೆ. ಮೂವತ್ತು ವರ್ಷದಿಂದ ಬರುತ್ತಿದೆ. ಹೆಂಡತಿಗೂ ಹೇಳಿಲ್ಲ.

ಮನೆಯಲ್ಲಿ ಉರ್ದು ಆಡಿದರೂ ನಾನು ಅಕ್ಷರ ತಿದ್ದಿದ್ದು ಕನ್ನಡದಲ್ಲಿ. ಈ ಭಾಷೆ ನನ್ನ ಕಸುಬಿಗೆ ಒಂದು ಕೀಟಲೆ ಮಾಡಿಟ್ಟಿದೆ. ಟೈರಿಗೆ ತುಂಬುವುದೂ ಗಾಳಿ, ಹುಣಸೆಮರದಡಿ ಹಾದುಬಂದು ಮಂಕಾಗಿ ಕೂತವರಿಗೆ ಹಿಡಿದದ್ದೂ ಗಾಳಿ. ಒಂದು ಸೋರುತ್ತದೆ, ಇನ್ನೊಂದು ಸೋಕುತ್ತದೆ; ನಡುವೆ ಒಂದೇ ಅಕ್ಷರದ ಫರಕು. ಸೋರುವುದು ನನ್ನ ಪಾಲು, ಸೋಕುವುದು ತಾಯಿತ ಕಟ್ಟುವವರ ಪಾಲು ಎಂದು ಗಡಿ ಹಾಕಿಕೊಂಡು, ತಿಪ್ಪೇಶಿ ಬರುವತನಕ ನಾನು ನೆಮ್ಮದಿಯಾಗಿದ್ದೆ.

ತಿಪ್ಪೇಶಿ ಮೊಳಕಾಲ್ಮುರು ತಾಲ್ಲೂಕಿನ ರಾಂಪುರದವನು, ಮನೆಮಾತು ತೆಲುಗು. ಕುದಾಪುರದ ಆಸುಪಾಸಿನ ಹಳ್ಳಿಗಳಿಂದ ನಮ್ಮೂರ ಎಣ್ಣೆ ಗಿರಣಿಗೆ ಪಿಕಪ್ ಗಾಡಿಯಲ್ಲಿ ಶೇಂಗಾ ಸಾಗಿಸುವುದು ಅವನ ಕೆಲಸ. ಗಾಡಿಯನ್ನು ಮೊದಲು ಓಡಿಸುತ್ತಿದ್ದವನು ಅವನ ಅಣ್ಣ ಓಬಣ್ಣ. ಎರಡು ವರ್ಷದ ಹಿಂದೆ, ಕುದಾಪುರದಾಚೆ, ಒಂದು ಕಡೆ ಎಷ್ಟು ದೂರ ಹೋದರೂ ಮುಗಿಯದ ಸರ್ಕಾರಿ ಕಾಂಪೌಂಡೂ ಇನ್ನೊಂದು ಕಡೆ ಬರಿಯ ಹುಲ್ಲೂ ಇರುವ ನೇರ ರಸ್ತೆಯಲ್ಲಿ, ಎದೆ ಹಿಡಿದಂತಾಗುತ್ತಿದೆ ಎಂದು ಇಳಿದು ಕೂತವನು ಮತ್ತೆ ಏಳಲಿಲ್ಲ. ಅಂದಿನಿಂದ ಗಾಡಿ ತಮ್ಮನ ಕೈಯಲ್ಲಿದೆ.

"ಭಾಯ್, ಗಾಡಿ ಜಗ್ತಾನೇ ಇಲ್ಲ, ಹೊಗೆ ಬ್ಯಾರೆ ಉಗುಳ್ತೈತೆ" ಎಂದು ಅವನು ಬಂದಾಗ, ನೋಡೋಣವೆಂದು ಪಕ್ಕದಲ್ಲಿ ಕೂತು ಹೋದೆ. ಅಲ್ಲಿಯತನಕ ಸುಮ್ಮನಿದ್ದ ಗಾಡಿ ಆ ನೇರ ರಸ್ತೆಗೆ ಬಂದೊಡನೆ ಸೀಟಿ ಹೊಡೆಯಿತು. ಒಂದು ಗಿಡ್ಡ, ಒಂದು ಉದ್ದ; ಥೇಟು ಮನುಷ್ಯರು ಹೊಡೆದಂತೆ. ಮಟಮಟ ಮಧ್ಯಾಹ್ನದಲ್ಲಿ ನನ್ನ ಮೈ ಜುಮ್ಮೆಂದಿತು. ಕಸುಬು ಬೇಗ ಎಚ್ಚರಗೊಂಡಿತು ಅನ್ನಿ. ರಸ್ತೆ ನೇರವಾಗಿರುವುದರಿಂದ ಇವನು ಅಲ್ಲೇ ಆಕ್ಸಿಲರೇಟರ್ ತುಳಿಯುತ್ತಾನೆ, ಒತ್ತಡಕ್ಕೆ ಪೈಪಿನ ಸೀಳು ಬಾಯಿ ಬಿಡುತ್ತದೆ, ಗೇರು ಬದಲಿಸುವಾಗ ಅರೆಗಳಿಗೆ ಮುಚ್ಚಿ ಮತ್ತೆ ತೆರೆಯುತ್ತದೆ. ಅದಕ್ಕೇ ಗಿಡ್ಡ, ಅದಕ್ಕೇ ಉದ್ದ.

"ಪೈಪ್ ಸೀಳೈತಪ್ಪ" ಎಂದೆ.

"ಪೈಪಾ?" ಎಂದ ತಿಪ್ಪೇಶಿ, ಕಿಟಕಿಯಾಚೆಯ ಹುಲ್ಲಿನತ್ತ ಒಮ್ಮೆ ನೋಡಿ ಗಾಡಿಯನ್ನು ಚಳ್ಳಕೆರೆಯತ್ತ ತಿರುಗಿಸಿದ.

ಅದೇ ಅಳತೆಯ ಪೈಪು ಎಲ್ಲೂ ಸಿಗಲಿಲ್ಲ. ಕಟ್ಟುವ ತಂತಿಯೊಂದನ್ನು ಸಂದಿಯಲ್ಲಿ ತೂರಿಸಿ, ಅದು ಬಾಗಿದ ದಾರಿಯನ್ನೇ ಅಳತೆಯಾಗಿ ಹಿಡಿದು, ಅಲ್ಯೂಮಿನಿಯಂ ಪೈಪಿನ ತುಂಡುಗಳನ್ನು ಬೆಸೆದು ಹೊಸ ಪೈಪು ಮಾಡಿದೆ. ಎರಡೂ ತುದಿಗೆ ರಬ್ಬರಿನ ತೋಳು ತೊಡಿಸಿ ಕ್ಲಿಪ್ ಬಿಗಿದೆ. ಕೊನೆಯ ಕ್ಲಿಪ್ಪೊಂದಕ್ಕೇ ಅರ್ಧ ದಿನ ಹೋಯಿತು, ಮುಂಗೈಯ ಚರ್ಮವೂ ಹೋಯಿತು. ಕಂಪ್ರೆಸರಿನಿಂದ ಗಾಳಿ ತುಂಬಿ ಜೋಡಣೆಗಳಿಗೆಲ್ಲ ಸೋಪಿನ ನೊರೆ ಬಳಿದು ನೋಡಿದರೆ ಒಂದು ಗುಳ್ಳೆಯೂ ಏಳಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ವಾರದ ಮೇಲೆ ತಿಪ್ಪೇಶಿ ಮತ್ತೆ ಬಂದ. ಮುಖ ಬಾಡಿತ್ತು.

"ಗಾಡಿ ಚೆನ್ನಾಗಿ ಜಗ್ತೈತೆ ಭಾಯ್. ಆದ್ರೆ ಅಣ್ಣ ಕರಿಯೋದು ನಿಂತೋತು."

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ: "ಸಣ್ಣೋರಿದ್ದಾಗ ಹೊಲದ ಆ ಕಡೆಯಿಂದ ಹಂಗೇ ಸೀಟಿ ಹೊಡ್ದು ಕರಿಯೋನು. ಗಿಡ್ಡಕೊಂದು, ಉದ್ದಕೊಂದು. ಆ ಜಾಗಕ್ಕೆ ಹೋದಾಗೆಲ್ಲ ಕರೀತಿದ್ದ. ನಾನೂ 'ಒಸ್ತಾ ಅನ್ನಾ, ಬರ್ತೀನಿ' ಅಂತಿದ್ದೆ. ಆ ಕ್ಲಿಪ್ ಒಂದೀಟು ಸಡಿಲ ಮಾಡ್ರಿ ಭಾಯ್. ಇಂಜಿನ್ ಹಾಳಾದ್ರೆ ಆಗ್ಲಿ."

ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ನಾನು ಸೀಳು ಮುಚ್ಚಿದೆನೆಂದುಕೊಂಡಿದ್ದೆ. ಮುಚ್ಚಿದ್ದು ಇವನ ಅಣ್ಣನ ಬಾಯನ್ನು. ಹಾಗೆಂದು ಕ್ಲಿಪ್ ಸಡಿಲಿಸಿದರೆ, ಮೂಟೆ ಹೇರಿದ ಗಾಡಿ ಯಾವುದೋ ಏರಿನಲ್ಲಿ ಪೈಪು ಕಳಚಿಕೊಂಡು ನಿತ್ರಾಣವಾಗುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ತಮ್ಮನೂ ಅಣ್ಣನ ದಾರಿಯನ್ನೇ ಹಿಡಿಯುತ್ತಾನೆ. ಆಗದು ಎನ್ನುವ ಧೈರ್ಯ ಬರಲಿಲ್ಲ. ಸಂದಿಯಲ್ಲಿ ಕೈ ತೂರಿಸಿ, ಸ್ಪ್ಯಾನರಿನಿಂದ ಪಕ್ಕದ ಕಬ್ಬಿಣಕ್ಕೆ ನಾಲ್ಕು ಸಲ ಬಡಿದು ಸದ್ದು ಮಾಡಿ, ಕ್ಲಿಪ್ಪನ್ನು ಮುಟ್ಟದೆಯೇ ಕೈ ಹೊರಗೆಳೆದೆ.

"ಸಡಿಲ ಮಾಡೀನಿ, ಹೋಗಪ್ಪ" ಎಂದು ಸುಳ್ಳು ಹೇಳಿದೆ.

ಎರಡು ದಿನ ಬಿಟ್ಟು ಬಂದು ಬೈಯುತ್ತಾನೆ, ಬೈಸಿಕೊಂಡರಾಯಿತು ಎಂದುಕೊಂಡೆ. ಆದರೆ ಮರುದಿನ ನಡುಹಗಲಿನಲ್ಲಿ ಫೋನು ಬಂತು.

"ಬಂತು ಭಾಯ್! ಕೇಳ್ರಿ, ಕೇಳ್ರಿ!"

ಅವನ ದನಿಯ ಹಿಂದೆ ಸೀಟಿ ಕೇಳಿಸಿತು. ಒಂದು ಗಿಡ್ಡ, ಒಂದು ಉದ್ದ.

"ಲೇ, ಗಾಡಿ ಓಡಿಸ್ತಾ ಫೋನ್ ಹಿಡೀಬ್ಯಾಡ" ಎಂದು ಗದರಿದೆ.

"ಓಡಿಸ್ತಾ ಇಲ್ಲ ಭಾಯ್. ನಿಮಗೆ ಕೇಳಿಸ್ಲಿ ಅಂತ ಅದೇ ಜಾಗದಾಗೆ ಇಂಜಿನ್ ಆಫ್ ಮಾಡಿ ಕೆಳಗಿಳಿದೀನಿ."

ಸಂತೋಷದಲ್ಲಿ ತಾನು ಏನು ಹೇಳಿದೆನೆಂಬುದು ಅವನಿಗೇ ಹೊಳೆಯಲಿಲ್ಲ. ಆಫ್ ಆದ ಇಂಜಿನ್ನಿನ ಪೈಪಿನಲ್ಲಿ ಸೋರಲು ಗಾಳಿಯೇ ಇರುವುದಿಲ್ಲ. ಕುರಿಯವರು ಯಾರೋ ಇದ್ದಿರಬಹುದು, ಕಾಂಪೌಂಡಿಗೆ ಬಡಿದ ಬಯಲುಗಾಳಿಯಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವನಿಗೆ ಮಾತ್ರ ಏನೂ ಹೇಳಿಲ್ಲ.

ತಿಪ್ಪೇಶಿ ಈಗಲೂ ಆಯಿಲ್ ಬದಲಿಸಲು ಬರುತ್ತಾನೆ. ಮುಖದಲ್ಲಿ ಕಳೆ ಬಂದಿದೆ. ಬಂದಾಗಲೆಲ್ಲ ಬಾನೆಟ್ ಎತ್ತಿಸಿ, "ಕ್ಲಿಪ್ ಸಡಿಲಾನೇ ಐತಲ್ಲ ಭಾಯ್?" ಎಂದು ಕೇಳುತ್ತಾನೆ. ನಾನು ಕೈ ತೂರಿಸಿ ತಡವಿ ನೋಡುತ್ತೇನೆ. ಬಿಗಿದದ್ದು ಬಿಗಿದಂತೆಯೇ, ಕೂದಲೆಳೆಯಷ್ಟೂ ಅಲುಗದೆ ಕೂತಿರುತ್ತದೆ.

"ಐತೆ" ಎನ್ನುತ್ತೇನೆ.