ಹಾಸಿಗೆ ಭಾವ ಖಾತೆ ಬದಲಾಯಿಸಿದ್ದು

ನನ್ನ ಭಾವ ಹಾಸಿಗೆ ಮಾರುತ್ತಾರೆ. ಗಿರಾಕಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಶೂ ಬಿಚ್ಚಿ, ತಾವೇ ಒಂದು ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, ಚಾವಣಿ ನೋಡುತ್ತಾ ಬೆಲೆ ಹೇಳುವುದು ಅವರ ವರಸೆ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದೋನು ಹಾಸಿಗೆ ಮಾರೋನಲ್ಲ ಸಾರ್. ನೀವು ಎಷ್ಟು ಬೇಕೋ ಅಷ್ಟು ಚಾಚಿ, ಉಳಿದಿದ್ದು ನಾವು ನೋಡ್ಕೋತೀವಿ” ಎನ್ನುತ್ತಾರೆ. ಜನ ನಗುತ್ತಾರೆ, ಕೊಳ್ಳುತ್ತಾರೆ. ಮಲಗಿಕೊಂಡೇ ಸಂಬಳ ಎಣಿಸುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ನಾನೇನು ಘನಂದಾರಿ ಕೆಲಸದವನಲ್ಲ. ಕೊರಿಯರ್ ಕಚೇರಿಯಲ್ಲಿ ಕಳೆದುಹೋದ ಪಾರ್ಸೆಲ್‌ಗಳ ದೂರು ಕೇಳುತ್ತೇನೆ. “ವಿಚಾರಿಸ್ತೀವಿ” ಎಂಬ ಒಂದೇ ಮಾತಿನಿಂದ ಹೊಟ್ಟೆ ಹೊರೆಯುವವನು. ಆದರೂ ಭಾವನನ್ನು ಕಂಡರೆ ನನಗೆ ತಾತ್ಸಾರ. ಕೆಳಗಿನ ಮೆಟ್ಟಿಲ ಮೇಲೆ ನಿಂತವನಿಗೂ ಕೆಳಗೆ ನೋಡಲು ಯಾರಾದರೊಬ್ಬರು ಬೇಕಲ್ಲ!

ಅವರ ಮನೆಯಲ್ಲಿ ದುಡ್ಡು ಕೊಟ್ಟು ತಂದ ಸಾಮಾನು ಹುಡುಕಬೇಕು. ಗೋಡೆ ಗಡಿಯಾರ ಸಿಮೆಂಟಿನವರದು, ಛತ್ರಿ ವಿಮೆಯವರದು, ಟೀ ಲೋಟ ಬಣ್ಣದಂಗಡಿಯವರದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ. ಅವರು ಬೆಲೆ ತೆತ್ತು ಪಡೆದದ್ದು ಒಂದೇ, ಮೂರನೇ ಮಹಡಿಯ ಹೊಸ ಮನೆ. ಅದೂ ಬ್ಯಾಂಕಿನ ಸಾಲದಲ್ಲಿ, ಅಕ್ಕನ ಸಹಿಯ ಜೊತೆಗೆ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಆವಿಯಲ್ಲಿ ನಿಂತು ಹೊದಿಕೆ ಮಡಿಸಿ ಮಡಿಸಿ ಬೆರಳ ತುದಿಯ ಚರ್ಮ ಸುಲಿದಿದೆ. ಆ ಮನೆಯಲ್ಲಿ ಅವಳಿಗೆ ಬೇಕಾಗಿದ್ದದ್ದು ಚಿಕ್ಕ ಕೋಣೆ ಮಾತ್ರ. ಕಿಟಕಿ ಪಕ್ಕ ಹೊಲಿಗೆ ಮಿಷನ್ ಹಾಕಿ, ಶಾಲೆಗಳ ಸಮವಸ್ತ್ರ ಹೊಲಿದುಕೊಂಡು, ಲಾಂಡ್ರಿ ಬಿಡುವುದು ಎಂದು ತೀರ್ಮಾನಿಸಿದ್ದಳು. ಬಟ್ಟೆ ಕತ್ತರಿಸುವ ಮೇಜು ಎಲ್ಲಿ ಬರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದಿದ್ದಳು.

ಸಾಲಕ್ಕೆ ಸಹಿ ಹಾಕುವಾಗ ಬ್ಯಾಂಕಿನವರು ಹೇಳಿದ್ದರು: “ನಿಮ್ಮ ಸಂಬಳ ಇಲ್ಲೇ ಬರ್ತಿದ್ರೆ ಮಾತ್ರ ಈ ಕಡಿಮೆ ಬಡ್ಡಿ ಸಾರ್.” ಅಕ್ಕ ಕೇಳಿಸಿಕೊಂಡಳು. ಭಾವ ಕುರ್ಚಿಯ ಮೆತ್ತೆ ಒತ್ತಿ ನೋಡುತ್ತಿದ್ದರು. ಸಾಕ್ಷಿಗೆಂದು ಹೋಗಿದ್ದ ನಾನು, ನಮಗೂ ಟೀ ಬರುತ್ತದೋ ಎಂದು ಬಾಗಿಲು ನೋಡುತ್ತಿದ್ದೆ.

ಹೊಸ ಮನೆಯ ಬಣ್ಣದ ವಾಸನೆ ಹೋಗುವ ಮೊದಲೇ ಭಾವನ ಅಂಗಡಿಗೆ ಬೇರೊಂದು ಬ್ಯಾಂಕಿನವಳು ಬಂದಳು. ಸಂಬಳದ ಖಾತೆ ತಮ್ಮಲ್ಲಿಗೆ ಬದಲಾಯಿಸಿದರೆ ಚಕ್ರದ ಸೂಟ್‌ಕೇಸ್ ಉಚಿತವಂತೆ. ಭಾವ ಅಕ್ಕನಿಗೆ ಹೇಳಲಿಲ್ಲ, ನನಗೆ ಫೋನ್ ಮಾಡಿದರು.

“ಬಾರೋ ಭಾಮೈದ, ನೀನೂ ಸೇರ್ಕೋ. ನಿಂಗೊಂದು ಸೂಟ್‌ಕೇಸು, ನಿನ್ನ ಸೇರಿಸಿದ್ದಕ್ಕೆ ನಂಗೊಂದು ಫ್ಯಾನು.”

“ಮನೆ ಕಂತು ಹಳೇ ಖಾತೆಯಿಂದ ಅಲ್ವಾ ಭಾವ ಹೋಗೋದು?”

“ಅಯ್ಯೋ ಪೆದ್ದೇ! ನಮ್ಮಂಗ್ಡೀಲಿ ಎಕ್ಸ್‌ಚೇಂಜ್ ಹೆಂಗೆ ಹೇಳು? ಹೊಸ ಹಾಸಿಗೆ ತಂದು ಹಾಕೋರೇ ಹಳೇದನ್ನ ಎತ್ಕೊಂಡ್ ಹೋಗ್ತಾರೆ. ಗಿರಾಕಿ ಕೂತಲ್ಲಿಂದ ಏಳೋದೂ ಬೇಡ. ಬ್ಯಾಂಕಿನೋರು ಅವರವರೇ ಮಾತಾಡ್ಕೋತಾರೆ ಬಿಡೋ.”

ಸಾಲವೂ ಲಾರಿ ಹತ್ತಿ ಹೊಸ ಬ್ಯಾಂಕಿಗೆ ತಾನಾಗಿ ಬರುತ್ತದೆ ಎಂದು ನಂಬಲು ಮೆದುಳಿನ ಜಾಗದಲ್ಲಿ ಹತ್ತಿಯೇ ಇರಬೇಕು. ಅದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಸೂಟ್‌ಕೇಸಿನ ಫೋಟೋ ಬಂತು, ನೀಲಿ ಬಣ್ಣದ್ದು. ಬಸ್ ನಿಲ್ದಾಣದಾಚೆ ಎಲ್ಲಿಗೂ ಹೋಗದ ನಾನು ಓಡಿಹೋಗಿ ಸಹಿ ಹಾಕಿದೆ.

ಸಂಬಳ ಹೊಸ ಖಾತೆಗೆ ಹೋಯಿತು. ಹಳೆಯದು ಖಾಲಿ ಕೂತಿತು. ಕಂತು ಬೌನ್ಸ್ ಆದ ಸಂದೇಶ ಬಂದದ್ದು ಲಾಂಡ್ರಿಯಲ್ಲಿದ್ದ ಅಕ್ಕನಿಗೆ. ಕೆಲಸದ ಏಪ್ರನ್ನಿನಲ್ಲೇ ಬಂದು ನಮ್ಮಿಬ್ಬರನ್ನೂ ಬ್ಯಾಂಕಿಗೆ ಎಳೆದೊಯ್ದಳು.

“ದಂಡ ದೊಡ್ಡದಲ್ಲಮ್ಮ, ಆದ್ರೆ ಬಡ್ಡಿ ರಿಯಾಯಿತಿ ಹೋಯ್ತು” ಎಂದರು ಅಲ್ಲಿನವರು. “ಸಂಬಳ ವಾಪಸ್ ಇಲ್ಲಿಗೇ ತಂದ್ರೂ ಅದು ಮತ್ತೆ ಸಿಗಲ್ಲ.”

ಭಾವನಿಗೆ ಆಶ್ಚರ್ಯ. “ಟ್ರಯಲ್ ಗಿಯಲ್ ಇಲ್ವಾ ಸಾರ್? ನಾವಾದ್ರೆ ಒಂದು ತಿಂಗಳು ಮಲಗಿ ನೋಡಿ, ಬೇಡ ಅಂದ್ರೆ ವಾಪಸ್ ತಗೋತೀವಿ.”

“ರೀ, ಎದ್ದೇಳಿ ಮೇಲೆ” ಎಂದಳು ಅಕ್ಕ. ಅಷ್ಟೇ.

ಹೆಚ್ಚಿದ ಕಂತಿಗೆ ಒಂದೇ ದಾರಿ ಉಳಿದಿತ್ತು: ಚಿಕ್ಕ ಕೋಣೆಯನ್ನು ಬಾಡಿಗೆಗೆ ಕೊಡುವುದು. “ಗುರುತಿಲ್ಲದೋರು ಬೇಡಪ್ಪ” ಎಂದು ಭಾವ ಸೋಫಾದ ಮೇಲೆ ಮಲಗಿಕೊಂಡೇ ನನ್ನತ್ತ ನೋಡಿದರು. ನನ್ನ ಸೂಟ್‌ಕೇಸ್ ಕೊನೆಗೂ ಪ್ರಯಾಣ ಮಾಡಿತು, ಎರಡು ಬೀದಿ ದೂರ. ಒಂದು ಚಕ್ರ ದಾರಿಯಲ್ಲೇ ಕಳಚಿತು.

ಹಾಸಿಗೆಯನ್ನು ಭಾವನೇ ನನಗೆ ಎಕ್ಸ್‌ಚೇಂಜಿನಲ್ಲಿ ಮಾರಿದರು. ಕಮಿಷನ್ ಬಿಡಲಿಲ್ಲ, ಮಹಾನುಭಾವರು. ನನ್ನ ಹಳೇ ಹಾಸಿಗೆ ಎತ್ತಿಕೊಂಡು ಹೋಗಲು ಇವತ್ತಿನವರೆಗೂ ಯಾರೂ ಬಂದಿಲ್ಲ. ಮೆಟ್ಟಿಲ ಕೆಳಗೆ ಬಿದ್ದಿದೆ, ಬೆಕ್ಕೊಂದು ಅದರಲ್ಲಿ ಸಂಸಾರ ಹೂಡಿದೆ.

ಹೊಲಿಗೆ ಮಿಷನ್ ಮುಂಬಾಗಿಲ ಹಿಂದೆ ಮುಸುಕು ಹೊದ್ದು ನಿಂತಿದೆ. ಅಕ್ಕ ಲಾಂಡ್ರಿಗೆ ಹೋಗುತ್ತಲೇ ಇದ್ದಾಳೆ. ಮೊನ್ನೆ ಭಾನುವಾರ ನನಗೂ ನಾಚಿಕೆ ಎಂಬುದು ಹುಟ್ಟಿ, ಕೋಣೆಯನ್ನಾದರೂ ಚೊಕ್ಕಟ ಮಾಡೋಣವೆಂದು ಒದ್ದೆ ಬಟ್ಟೆ ಹಿಡಿದು ಮಂಚದ ಕೆಳಗಿನ ಸೀಮೆಸುಣ್ಣದ ಗೆರೆ ಒರೆಸಲು ಬಗ್ಗಿದೆ.

“ಲೋ, ಅದನ್ನ ಮುಟ್ಟಬೇಡ” ಎಂದಳು ಅಕ್ಕ ಬಾಗಿಲಲ್ಲಿ ನಿಂತು. “ನೀನಿಲ್ಲಿ ಬಾಡಿಗೆಯವನು.”