ಕುತ್ತಿಗೆಯ ಚೌಕಾಸಿ

ಎಂಬತ್ತರ ದಶಕದಲ್ಲಿ ನಾನು ಮುಂಡರಗಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದೆ. ಎತ್ತಿನ ದರವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೈಮೇಲೆ ಟವಲು ಹಾಕಿಕೊಂಡು, ಅದರ ಕೆಳಗೆ ಗಿರಾಕಿ ನನ್ನ ಎಷ್ಟು ಬೆರಳು ಹಿಡಿದನೋ ಅಷ್ಟು ಸಾವಿರ. ಸುತ್ತ ನಿಂತವರಿಗೆ ನಮ್ಮ ಮುಖವಷ್ಟೇ ಕಾಣುತ್ತಿತ್ತು. ಮುಖದಲ್ಲಿ ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಅಂಥ ಕೈಯಲ್ಲೇ ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಸತ್ತಂತಾದವು. ಕುತ್ತಿಗೆಯಲ್ಲಿ ಹುಟ್ಟಿದ ನೋವು ಭುಜ ಇಳಿದು, ಮೊಣಕೈ ದಾಟಿ, ಅಲ್ಲಿಗೆ ಬಂದು ಜೋಮಾಗಿ ಕೂತಿತ್ತು. ಬೆಳ್ಳಟ್ಟಿಯ ರೈತನೊಬ್ಬನ ಎತ್ತಿಗೆ ಗಿರಾಕಿ ಐದು ಬೆರಳು ಹಿಡಿದ. ನನಗೆ ಮೂರೇ ತಿಳಿದವು.

"ಹೋಗೋ ತಮ್ಮಾ, ಆಡಿನ ಸಂತಿ ಆ ಕಡೆ ಐತಿ" ಎಂದುಬಿಟ್ಟೆ.

ಅವನು ಟವಲು ಕೊಡವಿದ. "ಇಡೀ ಕೈ ಹಿಡದ್ರೂ ಸಾಲವಲ್ದು. ಇನ್ನ ಇವನ ಕಾಲ ಹಿಡೀಬೇಕೇನ?"

ಸಂತೆಯೇ ನಕ್ಕಿತು. ರೈತ ನನ್ನನ್ನು ಬೈಯುತ್ತ ಎತ್ತು ವಾಪಸ್ ಹೊಡೆದುಕೊಂಡು ಹೋದ. ಇನ್ನೊಂದು ಸಲ ಹೀಗಾದರೆ ನನ್ನ ಕೈಮೇಲೆ ಯಾರೂ ಟವಲು ಹಾಕುವುದಿಲ್ಲ ಎಂದು ನನಗೆ ಗೊತ್ತಾಯಿತು.

ಗುಣ ಹುಡುಕುತ್ತ ಹೊರಟೆ. ಅಡರಕಟ್ಟಿಯ ನಾಟಿ ವೈದ್ಯನೊಬ್ಬ ನನ್ನ ತಲೆ ಹಿಡಿದು ಲಟಕ್ಕನೆ ತಿರುವಿದ. ಸದ್ದೇನೋ ಚೆನ್ನಾಗಿತ್ತು. ಆಮೇಲೆ ಒಂದು ವಾರ ಎದುರಿಗೆ ಬಂದವರನ್ನೆಲ್ಲ ಓರೆಯಾಗಿ ನೋಡಿದೆ. ಲಕ್ಷ್ಮೇಶ್ವರದಲ್ಲಿ ಎಣ್ಣೆ ತಿಕ್ಕಿಸಿಕೊಂಡೆ. ನಿದ್ದೆ ಬಂತು, ಗುಣ ಬರಲಿಲ್ಲ. ಕೊನೆಗೆ ಗದಗಿನ ಒಂದು ದವಾಖಾನೆಯಲ್ಲಿ ವ್ಯಾಯಾಮ ಕಲಿಸುವ ಹೆಣ್ಣುಮಗಳ ಮುಂದೆ ಕೂತೆ. ಅವಳು ಗದ್ದಕ್ಕೆ ಪಟ್ಟಿ ಕಟ್ಟಿ, ತೂಕ ಇಳಿಬಿಟ್ಟು ಕುತ್ತಿಗೆ ಜಗ್ಗಿಸಿದಳು. ಆಮೇಲೆ ಗದ್ದವನ್ನು ಹಿಂದಕ್ಕೆಳೆದು ಹಿಡಿಯುವುದನ್ನು ತೋರಿಸಿದಳು.

"ಕಾಕಾ, ಮನ್ಯಾಗ ದಿನಾ ಹತ್ತು ಸಲ ಮಾಡ್ರಿ."

"ಐದಕ್ಕ ಮುಗಸೂಣ್ರಿ, ಅಕ್ಕಾರ."

"ಇದೇನ್ ಬದನಿಕಾಯಿ ವ್ಯಾಪಾರೇನ್ರಿ?"

"ಆತು, ಆರು. ನಿಮ್ದೂ ಬ್ಯಾಡ, ನಂದೂ ಬ್ಯಾಡ."

ಗೆದ್ದ ಖುಷಿಯಲ್ಲಿ ಕೆಲವು ದಿನ ನಾಲ್ಕಕ್ಕೇ ನಿಲ್ಲಿಸಿದೆ. ಬೆರಳು ಹಾಗೇ ಇದ್ದವು. ಮತ್ತೆ ಹೋದಾಗ ಅವಳು ತಣ್ಣಗೆ ಹೇಳಿದಳು: "ಇನ್ನ ಮ್ಯಾಲೆ ಇಪ್ಪತ್ತು."

ಹೌಹಾರಿದೆ. ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ. ಎದ್ದು ಬಾಗಿಲವರೆಗೆ ಹೋಗಿ, ವಾಪಸ್ ಕರೆಯಲಿ ಎಂದು ಚಪ್ಪಲಿಯನ್ನು ನಿಧಾನವಾಗಿ ಮೆಟ್ಟಿಕೊಂಡೆ. ಅಂತೂ ಹನ್ನೆರಡಕ್ಕೆ ಇಳಿಸಿ, ಮೀಸೆ ತಿರುವುತ್ತ ಬಸ್ಸು ಹತ್ತಿದೆ. ಹೋರಾಡಿ ಗಿಟ್ಟಿಸಿದ್ದಲ್ಲವೇ, ಒಂದು ದಿನವೂ ತಪ್ಪಿಸಲಿಲ್ಲ.

ಹೆಂಡತಿ ರೊಟ್ಟಿ ಬಡಿಯುತ್ತ ನೋಡಿದಳು. "ಹತ್ತು ಅಂದಾಗ ಮಾಡ್ಲಿಲ್ಲ, ಈಗ ಹನ್ನೆರಡು ಮಾಡಾಕತ್ತೀರಿ. ಗೆದ್ದವರು ಯಾರ್ರಿ?"

"ನಿನಗ ವ್ಯಾಪಾರ ತಿಳಿಯಂಗಿಲ್ಲ, ಸುಮ್ನಿರು" ಎಂದೆ, ಗದ್ದ ಹಿಂದಕ್ಕೆಳೆದುಕೊಂಡೇ.

ನಿಮಗೂ ಇಂಥ ಜೋಮು ಹಿಡಿದಿದ್ದರೆ ಕೇಳಿ: ಲಟಕ್ಕೆನಿಸುವವರ ಕೈಗೆ ತಲೆ ಕೊಡಬೇಡಿ. ಎಣ್ಣೆಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಚೌಕಾಸಿ ಮಾಡದಿದ್ದರೆ ಜೀವ ನಿಲ್ಲದು ಎಂದಾದರೆ ಫೀಸಿನಲ್ಲಿ ಮಾಡಿ, ವ್ಯಾಯಾಮದಲ್ಲಿ ಬೇಡ.

ಬೆರಳಲ್ಲಿ ಮೊದಲು ಇರುವೆ ಹರಿದಂತಾಯಿತು, ಆಮೇಲೆ ಬಿಸಿ-ತಂಪು ತಿಳಿಯತೊಡಗಿತು. ಸುಗ್ಗಿಯ ಹೊತ್ತಿಗೆ ಸಂತೆಯಲ್ಲಿ ಒಬ್ಬ ಗಿರಾಕಿ ಕಿರುಬೆರಳೊಂದನ್ನು ಬಿಟ್ಟು ನನ್ನ ನಾಲ್ಕು ಬೆರಳು ಹಿಡಿದ. ಅವನ ಹೆಬ್ಬೆರಳು ನನ್ನ ಕಿರುಬೆರಳನ್ನು ಮುಟ್ಟಲೋ ಬೇಡವೋ ಎಂದು ತಡವರಿಸುತ್ತಿದ್ದದ್ದು ಟವಲಿನ ಕೆಳಗೆ ಸ್ಪಷ್ಟವಾಗಿ ತಿಳಿಯಿತು. ನಾನು ಆಕಾಶ ನೋಡುತ್ತ ನಿಂತೆ. ಅವನು ಹಿಡಿದ.