ಬಾಗಿಲಾಚೆ ಬಿಟ್ಟ ಶೂ

ಲಂಡನ್ನಿನ ಹೀತ್ರೋದ ರನ್‌ವೇ ಬಿರುಕು ಬಿಟ್ಟರೂ ಬಿಟ್ಟೀತು, ತನ್ನ ಹೆಂಡತಿ ನೋರಾಳ ಕಾಲಿಗೆ ಏನೂ ಆಗದು ಎಂಬುದು ಎಮ್ಯಾನುವೆಲ್ಲನ ಇಪ್ಪತ್ತೆರಡು ವರ್ಷಗಳ ಜಂಬ. ಹೇಸ್‌ನ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದು ಚಹಾದ ಕಪ್ಪು ಕೈಗೆ ಬಂದ ಕೂಡಲೇ ಅದು ಶುರುವಾಗುತ್ತಿತ್ತು.

"ನಮ್ಮ ನೋರಾ ಇದ್ದಾಳಲ್ಲ, ಒಂದು ದಿನ ಸಿಕ್ ಲೀವ್ ಹಾಕಿದವಳಲ್ಲ. ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ. ಗಾಡಿಯ ಎತ್ತಾದರೂ ಮಧ್ಯಾಹ್ನ ಒಮ್ಮೆ ಮಲಗ್ತದೆ ಮಾರಾಯ್ರೆ!"

ಈ ಮಾತನ್ನು ಅವನು ಯಾವಾಗಲೂ ಕುಳಿತುಕೊಂಡೇ ಹೇಳುತ್ತಿದ್ದ. ನೋರಾ ಪಕ್ಕದಲ್ಲಿ ನಿಂತು ನಗುತ್ತಿದ್ದಳು. ಕುರ್ಚಿ ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಕೂತರೆ ಗಂಡನ ಮಾತು ಸುಳ್ಳಾಗುತ್ತದಲ್ಲ.

ಆ ಕಾಲಿನ ಸಂಗತಿ ಕೇಳಿ. ಎಡಗಾಲಿನ ಹೆಬ್ಬೆರಳು ವರ್ಷಕ್ಕೊಂದು ಕೂದಲೆಳೆಯಷ್ಟು ವಾಲುತ್ತಾ ವಾಲುತ್ತಾ, ಈಗ ಪಕ್ಕದ ಬೆರಳಿನ ಹೆಗಲ ಮೇಲೆ ತಲೆಯಿಟ್ಟು ಮಲಗಿತ್ತು. ಅದರ ಬುಡದ ಕೀಲು ಹೊರಗೆ ಉಬ್ಬಿ ಗಂಟಾಗಿತ್ತು. ಇಲ್ಲಿಯವರು ಅದನ್ನು ಬನಿಯನ್ ಎನ್ನುತ್ತಾರೆ. ನಮ್ಮಲ್ಲಿ ಬನಿಯನ್ನನ್ನು ಬಿಚ್ಚಿ ಒಗೆಯಬಹುದು, ಇದನ್ನು ಆಗುವುದಿಲ್ಲ. ಮೊದಲು ಕಡಲೆಯಷ್ಟಿತ್ತು, ಆಮೇಲೆ ನೆಲ್ಲಿಕಾಯಿ, ಈಗ ಲಿಂಬೆ. ಇನ್ನೆರಡು ವರ್ಷ ಬಿಟ್ಟರೆ ಮನೆಗೆ ಕಟ್ಟುವ ಹಾಗೆ ಅದಕ್ಕೇ ಬೇರೆ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕಾದೀತು.

ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಬರಿಗಾಲಲ್ಲಿ ಹೆಂಚು ಹೊತ್ತ ನೋರಾಳ ತಾಯಿಗೂ ಇದೇ ಗಂಟಿತ್ತು. ತಾಯಿಯಿಂದ ಅವಳಿಗೆ ಬಂದ ಆಸ್ತಿ ಎರಡೇ: ಒಂದು ಜಪಸರ, ಇನ್ನೊಂದು ಇದು. ಉಳಿದದ್ದನ್ನು ಅವಳು ಕೆಲಸಕ್ಕಿದ್ದ, ವಿಮಾನದ ಊಟದ ತಟ್ಟೆ ಜೋಡಿಸುವ ಗೋದಾಮು ಮಾಡಿತು. ಅಲ್ಲಿ ಕೊಡುವ ಶೂವಿನ ಮೂತಿಗೆ ಒಳಗೆ ಉಕ್ಕಿನ ತಗಡು. ಮೇಲಿಂದ ಆನೆ ಬಿದ್ದರೂ ಬೆರಳು ಜಜ್ಜದು. ಒಳಗಿನಿಂದ ಶೂವೇ ಜಜ್ಜುತ್ತಿತ್ತು.

ಪಾದದ ಡಾಕ್ಟರರ ಅಪಾಯಿಂಟ್‌ಮೆಂಟಿಗೆ ಹನ್ನೊಂದು ತಿಂಗಳು ಕಾದಳು. ಅದು ಬಂದ ವಾರವೇ ಸೂಪರ್‌ವೈಸರ್ ಡ್ಯಾರಿಲ್, ಕಾರ್ಕಳದವನು, ಗುಟ್ಟಾಗಿ ಹೇಳಿದ್ದ:

"ನೋರಾ ಆಂಟಿ, ಲೇಬಲ್ ಅಂಟಿಸುವ ಮೇಜಿನ ಹತ್ರ ಒಂದು ಕುರ್ಚಿ ಖಾಲಿ ಆಗ್ತದೆ. ತುಂಬ ಹೊತ್ತು ನಿಲ್ಲಬಾರದು ಅಂತ ಡಾಕ್ಟರದ್ದೊಂದು ಲೆಟರ್ ತನ್ನಿ. ಕುರ್ಚಿ ನಿಮ್ಗೇ."

ಕುರ್ಚಿ! ನೋರಾಳಿಗೆ ಆ ವಾರವಿಡೀ ಬೇರೆ ಪ್ರಾರ್ಥನೆಯೇ ಬಾಯಿಗೆ ಬರಲಿಲ್ಲ.

ಅಪಾಯಿಂಟ್‌ಮೆಂಟಿನ ದಿನ ಶಿಫ್ಟ್ ಮುಗಿಸಿ ಅದೇ ಶೂವಿನಲ್ಲಿ ಕ್ಲಿನಿಕ್ಕಿಗೆ ಓಡಿದಳು. ಡಾಕ್ಟರು ಮುಟ್ಟುವ ಪಾದ ಕೊಳಕಾಗಿರಬಾರದಲ್ಲ? ಅಲ್ಲಿನ ಟಾಯ್ಲೆಟ್ಟಿನ ಬೇಸಿನ್ನಿಗೆ ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಎತ್ತಿ ಸೋಪು ಹಾಕಿ ತೊಳೆದಳು. ಮತ್ತೆ ನಮ್ಮವರೆಲ್ಲ ಮಾಡುವುದನ್ನೇ ಮಾಡಿದಳು: ಡಾಕ್ಟರರ ಕೋಣೆಯ ಬಾಗಿಲಾಚೆ ಶೂ ಬಿಟ್ಟು, ಬರಿಗಾಲಲ್ಲಿ, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋದಳು. ಹಿಂದಿನಿಂದ ಎಮ್ಯಾನುವೆಲ್, ಶೂ ಹಾಕಿಕೊಂಡೇ. ಹೆಂಡತಿಗೆ ಇಂಗ್ಲಿಷ್ ಸಾಲದು ಎಂದು ಅವನೇ ವಕೀಲ.

ಡಾಕ್ಟರಮ್ಮ ಪಾದ ಹಿಡಿದು ನೋಡಿದಳು. ಗಂಟು ಒತ್ತಿದಳು. ಗಂಟು ದೊಡ್ಡದೋ ಚಿಕ್ಕದೋ ಎನ್ನುವುದಕ್ಕಿಂತ ಅದು ದಿನದ ಬದುಕನ್ನು ಎಷ್ಟು ಕೆಡಿಸುತ್ತದೆ ಎನ್ನುವುದೇ ಮುಖ್ಯ ಎಂದು ವಿವರಿಸಿದಳು. ಕೆಲಸಕ್ಕೆ ಎಂಥ ಶೂ ಎಂದು ಕೇಳಿದಳು.

"ಫಸ್ಟ್ ಕ್ಲಾಸ್ ಶೂ," ಅಂದ ಎಮ್ಯಾನುವೆಲ್. "ಕಂಪನಿಯೇ ಕೊಡುವುದು."

ನಿಲ್ಲುವುದಕ್ಕೆ ಕಷ್ಟವೇ?

"ಇವಳಿಗಾ? ಇಪ್ಪತ್ತೆರಡು ವರ್ಷ, ಒಂದು ದಿನ ರಜೆ ಇಲ್ಲ! ಕಳೆದ ಆಗಸ್ಟಲ್ಲಿ ಮದುವೆಯಲ್ಲಿ ಎರಡು ಗಂಟೆ ಕುಣಿದಿದ್ದಾಳೆ."

ಆ ಕುಣಿತದ ಮರುದಿನ ಅವಳು ಮೆಟ್ಟಿಲನ್ನು ಕುಂಡೆಯೂರಿ ಇಳಿದದ್ದನ್ನು ಅವನು ನೋಡಿರಲಿಲ್ಲ, ಮಲಗಿದ್ದ.

ಡಾಕ್ಟರಮ್ಮ ಅವನನ್ನು ಬಿಟ್ಟು ನೇರವಾಗಿ ನೋರಾಳನ್ನೇ ಕೇಳಿದಳು: ನೋವು ಹೇಗಿದೆ?

ಹನ್ನೊಂದು ತಿಂಗಳು ಕಾದದ್ದು ಈ ಒಂದು ಪ್ರಶ್ನೆಗೆ. ಬೆಂಕಿ ಇಟ್ಟ ಹಾಗಿದೆ, ಹೊದಿಕೆ ತಾಗಿದರೂ ಜೀವ ಹೋಗುತ್ತದೆ ಎಂದು ಕನ್ನಡಿಯ ಮುಂದೆ ಇಂಗ್ಲಿಷಿನಲ್ಲಿ ಕಲಿತು ಬಂದಿದ್ದಳು. ಆದರೆ ಪರಕೀಯರ ಎದುರು ಗಂಡನನ್ನು ಸುಳ್ಳುಗಾರ ಮಾಡುವುದು ಹೇಗೆ? ಲಂಡನ್ನು ಕಲಿಸಿದ್ದ ಮೂರೇ ಪದ ಬಾಯಿಂದ ಜಾರಿದವು.

"ನಾಟ್ ಟೂ ಬ್ಯಾಡ್."

ಡಾಕ್ಟರಮ್ಮ ಬರೆದುಕೊಂಡಳು.

ಎರಡು ವಾರಕ್ಕೆ ಲೆಟರ್ ಬಂತು. ಮಗಳು ಅನ್ನೆಟ್ ಓದಿ ಹೇಳಿದಳು: ದಿನದ ಕೆಲಸಕ್ಕೆ ತೊಂದರೆಯಿಲ್ಲ, ನಿಲ್ಲಲು ನಡೆಯಲು ಅಡ್ಡಿಯಿಲ್ಲ, ಮುಂದುಗಡೆ ಅಗಲವಿರುವ ಶೂ ಹಾಕಬೇಕು, ಹೆಚ್ಚಾದರೆ ಮತ್ತೆ ಜಿಪಿ, ಅಂದರೆ ಏರಿಯಾದ ಮಾಮೂಲಿ ಡಾಕ್ಟರರ ಹತ್ತಿರ ಹೋಗಬೇಕು. "ಮಮ್ಮಿ, ವೈ ಡಿಡ್ ಯು ನಾಟ್ ಟೆಲ್ ಹರ್?" ಎಂದು ಕೇಳಿದ್ದಕ್ಕೆ ನೋರಾ ಅಕ್ಕಿ ತೊಳೆಯಲು ಎದ್ದಳು.

ಡ್ಯಾರಿಲ್ ಲೆಟರನ್ನು ಎರಡು ಸಲ ಓದಿ ಮಡಚಿದ. "ಎಂತ ಆಂಟಿ ಇದು? ಇದನ್ನು ತೋರಿಸಿದ್ರೆ ನಿಮ್ಗೆ ಓವರ್‌ಟೈಮ್ ಕೊಟ್ಟಾರು."

ಕುರ್ಚಿ ಅದೇ ಗೋದಾಮಿನ ರಾಕೇಶನಿಗೆ ಹೋಯಿತು. ಅವನು ಡಾಕ್ಟರರ ಹತ್ತಿರ ಒಬ್ಬನೇ ಹೋಗಿದ್ದ, ಬಾಗಿಲಿನಿಂದಲೇ ಸೊಂಟ ಹಿಡಿದು ನರಳುತ್ತಾ. ಮೊದಲ ದಿನ ಅವನು ಆ ಕುರ್ಚಿಯಲ್ಲಿ ಕೂತು ಕಾಲು ಚಾಚಿದ್ದನ್ನು ನೋರಾ ಎದುರಿನ ಸಾಲಿನಲ್ಲಿ ನಿಂತು ನೋಡಿದಳು. ಆ ದಿನ ಸಾವಿರಾರು ತಟ್ಟೆಗಳಲ್ಲಿ ಚಮಚವಿಡುವುದು ಮರೆತುಹೋಯಿತಂತೆ. ಅರ್ಧ ಯುರೋಪು ಕೈಯಲ್ಲೇ ಉಂಡಿರಬೇಕು.

ಎಮ್ಯಾನುವೆಲ್ಲನಿಗೆ ಲೆಟರ್ ಹೊಸ ಪದಕವಾಯಿತು. "ಡಾಕ್ಟರೇ ಬರೆದು ಕೊಟ್ಟಿದ್ದಾರೆ ಮಾರಾಯ್ರೆ, ಸರ್ಟಿಫಿಕೇಟ್ ಉಂಟು!" ಎಂದು ಚಹಾದ ಕಪ್ಪು ಎತ್ತಿದ. ಆ ಭಾನುವಾರ ನೋರಾ ಮೊದಲ ಸಲ ಕುರ್ಚಿ ಎಳೆದು ಅವನ ಎದುರೇ ಕೂತಳು, ಎಡಗಾಲಿನ ಚಪ್ಪಲಿ ಕಳಚಿ ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟಳು. ಎಮ್ಯಾನುವೆಲ್ ಹವೆಯ ಬಗ್ಗೆ ಮಾತು ತೆಗೆದ.

ಸೋಮವಾರ ಅವಳೇ ಜಿಪಿಗೆ ಫೋನ್ ಮಾಡಿದಳು. ಮತ್ತೆ ಸಾಲು, ಮತ್ತೆ ಒಂಬತ್ತು ತಿಂಗಳು. ಆ ಹೊತ್ತಿಗೆ ಹೆಬ್ಬೆರಳು ಪಕ್ಕದ ಬೆರಳನ್ನು ಪೂರಾ ಹತ್ತಿ ಕೂತಿತ್ತು. ಮನೆಯಲ್ಲಿ ಕೂರಲು ಸ್ಥಳ ಸಿಕ್ಕಿದ್ದು ಅದಕ್ಕೊಂದೇ.

ಹೊಸ ಅಪಾಯಿಂಟ್‌ಮೆಂಟಿನ ಬೆಳಿಗ್ಗೆ ಎಮ್ಯಾನುವೆಲ್ ಕೋಟು ಹಾಕಿ ತಯಾರಾದ. ನೋರಾ ಗೋದಾಮಿನ ಶೂವನ್ನು, ತೊಳೆಯದೆ, ಕ್ಯಾರಿಯರ್ ಬ್ಯಾಗಿಗೆ ತುಂಬುತ್ತಿದ್ದಳು.

"ಅದೆಂತಕ್ಕೆ, ವಾಸನೆ! ಡಾಕ್ಟರ ಎದುರು ಮರ್ಯಾದೆ ಬೇಡವಾ?" ಅಂದ. "ನಡಿ, ನಾನು ಬರ್ತೇನೆ. ನಿನಗೆ ಸರಿಯಾಗಿ ಹೇಳ್ಲಿಕ್ಕೆ ಬರುವುದಿಲ್ಲ."

ನೋರಾ ಬ್ಯಾಗಿನ ಬಾಯಿ ಕಟ್ಟಿ ಎದ್ದು ನಿಂತಳು.

"ಹೋದ ಸಲ ಶೂ ಹೊರಗೆ ಬಿಟ್ಟು ನಿಮ್ಮನ್ನು ಒಳಗೆ ಕರ್ಕೊಂಡು ಹೋದೆ," ಅಂದಳು. "ಈ ಸಲ ಶೂ ಒಳಗೆ ಬರ್ತದೆ. ನೀವು ಬಾಗಿಲಾಚೆ ನಿಲ್ಲಿ. ನಿಲ್ಲುವುದೆಂದ್ರೆ ಎಂತ ಅಂತ ನಿಮಗೂ ಗೊತ್ತಾಗ್ಲಿ."